ಶಹಾತನಿಗೆ ಬೆಟ್ಟ ತೋರಿಸಿದ್ದು

ಸೂಯೆಜ್ ಕಾಲುವೆ ಸಮುದ್ರ ಸೇರುವಲ್ಲಿನ ಬಂದರು ಪೋರ್ಟ್ ಸೈದಿನ ಅರಬ್ ಮೊಹಲ್ಲಾದಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಶಹಾತನನ್ನು ಗೊತ್ತಿದ್ದವರು ಯಾರೂ "ಹೇಗಿದ್ದೀಯಪ್ಪಾ?" ಎಂದು ಕೇಳುತ್ತಿರಲಿಲ್ಲ. ಕೇಳಿದರೆ ಅವನು ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟು, ಎಡ ಮೊಣಕಾಲನ್ನು ಒಮ್ಮೆ ಮಡಚಿ ನೋಡಿ, ನಾಲಗೆಯನ್ನು ಬಾಯೊಳಗೆ ಒಂದು ಸುತ್ತು ಆಡಿಸಿ, ನಿದ್ದೆ ಹೇಗೆ ಬಂದಿತ್ತೆಂದು ನೆನಪಿಸಿಕೊಂಡು, ಆಮೇಲೆ ಉತ್ತರ ಕೊಡುತ್ತಿದ್ದ. "ಮೊಣಕಾಲು ನಿನ್ನೆಗಿಂತ ವಾಸಿ. ಮನಸ್ಸಿನ ವಿಚಾರ ಈಗಿನ್ನೂ ಗೊತ್ತಾಗ್ತಿಲ್ಲ, ಸಂಜೆ ಹೇಳ್ತೀನಿ." ಅಷ್ಟರಲ್ಲಿ ಕೇಳಿದವನು ಬೀದಿಯ ತಿರುವು ದಾಟಿರುತ್ತಿದ್ದ. ಶಹಾತ ಮಾತ್ರ ಸಂಜೆ ಅಂಗಡಿ ಮುಚ್ಚಿ, ಅವನ ಮನೆ ಹುಡುಕಿಕೊಂಡು ಹೋಗಿ, ಬಾಗಿಲು ತಟ್ಟಿ, ಮನಸ್ಸಿನ ವಿಚಾರ ಹೇಳಿ ಬರುತ್ತಿದ್ದ.

ಅವನಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿಯದ್ದರಿಂದ ಅವನ ತಾಯಿ ಇನ್ಶಿರಾಹ್, ಕೂಸನ್ನು ಮಡಿಲಲ್ಲಿಟ್ಟುಕೊಂಡು ನೆರೆಹೊರೆಯ ಮನೆಗಳಲ್ಲಿ ಬಟ್ಟೆಯ ತುಂಡು ಬೇಡಿ ಅಂಗಿ ಹೊಲಿದು ತೊಡಿಸಿದ್ದಳು. ಭಿಕ್ಷಪ್ಪ ಅಂತ ಹೆಸರಿಟ್ಟ ಹಾಗೆ ಶಹಾತ ಅಂತಲೇ ಹೆಸರಿಟ್ಟಳು. ಮಗ ಉಳಿದ. ಹತ್ತು ಮನೆಯ ಬಟ್ಟೆ ತೊಟ್ಟು ಬದುಕಿದವನು ಊರಿನ ಬಟ್ಟೆಗೇ ಇಸ್ತ್ರಿ ಹಾಕುವ ಕೆಲಸ ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ ಎಂದು ಆ ತಾಯಿ ಹೇಳುತ್ತಿದ್ದಳು. ಈಗ ಅವಳು ಹಜ್ ಮುಗಿಸಿ ಬಂದ ಹಾಜಾ ಇನ್ಶಿರಾಹ್. ಅಂಗಡಿಯ ಮೇಲಿನ ಮಾಳಿಗೆಯ ಮರದ ಬಾಲ್ಕನಿಯಲ್ಲಿ ಕೂತು, ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ಬೀದಿಗಿಳಿಸಿ ತರಕಾರಿಯನ್ನೂ ಸುದ್ದಿಯನ್ನೂ ಮೇಲಕ್ಕೆಳೆದುಕೊಳ್ಳುವುದು ಅವಳ ದಿನಚರಿ.

ಶಹಾತನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ ಎಂದರೆ ಅರ್ಧ ಹೇಳಿದಂತೆ. ನೋಡದೇ ಇದ್ದದ್ದನ್ನು, ಅಳೆದು ತೂಗದೇ ಇದ್ದದ್ದನ್ನು ಬಾಯಿಗೆ ತರಲೂ ಅವನಿಗೆ ಆಗುತ್ತಿರಲಿಲ್ಲ. ಹೆಣ್ಣು ನೋಡಲು ಹೋದಾಗ ನಜಾತ್ ಶರಬತ್ತಿನ ತಟ್ಟೆ ಹಿಡಿದು ಬಂದು ಒಂದು ಪಕ್ಕಕ್ಕೆ ಕೂತಿದ್ದಳು. ಅವಳ ತಂದೆ "ಹುಡುಗಿ ಒಪ್ಪಿಗೆಯಾ?" ಎಂದು ಕೇಳಿದ್ದಕ್ಕೆ ಶಹಾತ, "ಇಲ್ಲಿವರೆಗೆ ಎಡಗೆನ್ನೆ ಮಾತ್ರ ಕಂಡಿದೆ, ಅದು ಒಪ್ಪಿಗೆ" ಎಂದಿದ್ದ. ತಂದೆ ಸಿಡಿಮಿಡಿಗೊಂಡು ಎದ್ದು ನಿಂತರು. ಹುಡುಗಿ ಮಾತ್ರ ನಗು ತಡೆಯಲಾರದೆ ಅತ್ತ ತಿರುಗಿದಳು. ಬಲಗೆನ್ನೆಯೂ ಕಂಡಿತು. ಮದುವೆಯಾಯಿತು.

ಅಂಗಡಿಯ ಎದುರಿಗೇ, ಎಲ್ಲರೂ ಮುಅಲ್ಲಿಂ ಎಂದರೆ ಯಜಮಾನ ಎಂದು ಕರೆಯುತ್ತಿದ್ದ ಹಿಲ್ಮಿಯ ಕಾಫಿಖಾನೆ. ಹಿಲ್ಮಿ ಶಹಾತನಿಗೆ ತದ್ವಿರುದ್ಧ. ಪ್ರಶ್ನೆ ಹುಟ್ಟುವ ಮೊದಲೇ ಅವನ ಬಳಿ ಉತ್ತರ ಇರುತ್ತಿತ್ತು. ಆ ವರ್ಷ ಊರಿನ ರೇಡಿಯೊದಲ್ಲಿ ಸುಹೈರ್ ಎಂಬ ನಿರೂಪಕಿ "ನಿಂತಲ್ಲೇ ನಾಲ್ಕು ಮಾತು" ಎಂಬ ಕಾರ್ಯಕ್ರಮ ಶುರುಮಾಡಿದ್ದಳು. ಪ್ರತಿ ಗುರುವಾರ ಬೆಳಿಗ್ಗೆ ಮೈಕು ಹಿಡಿದು ಒಂದೊಂದು ಮೊಹಲ್ಲಾಕ್ಕೆ ಹೋಗಿ, ಸಾಮಾನ್ಯ ಜನರನ್ನು ಹಿಡಿದು ನಿಲ್ಲಿಸಿ, ನಗುನಗುತ್ತಾ ಹಗುರವಾದ ಪ್ರಶ್ನೆ ಕೇಳುವುದು. ನಿಮಗೆ ಇಷ್ಟವಾದ ಅಡುಗೆ ಯಾವುದು, ಚಿಕ್ಕಂದಿನಲ್ಲಿ ಏನು ತಂಟೆ ಮಾಡಿದ್ರಿ, ಹೀಗೆ. ಎಲ್ಲ ಆಗಲೇ, ಅಲ್ಲೇ, ನೇರವಾಗಿ ಪ್ರಸಾರವಾಗುತ್ತಿತ್ತು. ತನ್ನ ಕಾಫಿಖಾನೆಗೆ ಬರುತ್ತಾಳೆಂದು ಗೊತ್ತಾದಂದಿನಿಂದ ಹಿಲ್ಮಿ ಉತ್ತರಗಳ ತಾಲೀಮು ನಡೆಸಿದ್ದ. ಡೊಮಿನೊ ಆಡುತ್ತಿದ್ದ ಗಿರಾಕಿಗಳು ಆಟ ಬಿಟ್ಟು ಅವನಿಗೆ ಪ್ರಶ್ನೆ ಕೇಳಬೇಕು. ಅವನು ಗಡ್ಡ ನೀವಿಕೊಂಡು, ಈಗ ತಾನೇ ಹೊಳೆಯಿತೆಂಬಂತೆ ಉತ್ತರಿಸಬೇಕು. ಹೊಳೆಯುವುದು ಸರಿಯಾಗಿ ಹೊಳೆಯದಿದ್ದರೆ ಮತ್ತೊಮ್ಮೆ ಕೇಳಬೇಕು.

ಆ ಗುರುವಾರ ಬಂತು. ಹಿಲ್ಮಿ ಬೂದು ಬಣ್ಣದ ಸೂಟು ಹಾಕಿ, ರೇಡಿಯೊದಲ್ಲಿ ಯಾರಿಗೆ ತಾನೇ ಕಾಣುತ್ತದೆ ಎಂದು ಯಾರೋ ಅಂದದ್ದನ್ನು ಕಿವಿಗೆ ಹಾಕಿಕೊಳ್ಳದೆ, ಟೈ ಕೂಡ ಕಟ್ಟಿದ್ದ. ಕೊನೆಯ ಗಳಿಗೆಯಲ್ಲಿ ಗಾಬರಿಯಿಂದ ಕುಡಿಯಹೋದ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. ಓಡಿ ಬೀದಿ ದಾಟಿ ಶಹಾತನ ಅಂಗಡಿಗೆ ನುಗ್ಗಿದ. ಕಲೆ ತೆಗೆದು ಒಣಗಿಸಿಕೊಡು ಎಂದು ಪ್ಯಾಂಟು ಬಿಚ್ಚಿ ಎಸೆದು, ನೇತುಹಾಕಿದ್ದ ಬಟ್ಟೆಗಳ ಸಾಲಿನ ಹಿಂದೆ ಬಚ್ಚಿಟ್ಟುಕೊಂಡ.

"ಬೇಗ ಮಾಡೋ ಶಹಾತ, ಆಯಮ್ಮ ಬರೋ ಹೊತ್ತಾಯ್ತು!"

"ಪೆಟ್ಟಿಗೆ ಇನ್ನೂ ಕಾದಿಲ್ಲ."

"ಕಾದಿದೆ ಕಣೋ! ಹೊಗೆ ಬರ್ತಿದೆ!"

"ಅದು ನಿನ್ನ ಚಹಾದ ಹಬೆ," ಎಂದು ಶಹಾತ ಬಾಯ್ತುಂಬ ನೀರು ತುಂಬಿಕೊಂಡ. ಬಟ್ಟೆಗೆ ನೀರು ಚಿಮುಕಿಸಲು ಅವನ ಕಸುಬಿನವರಿಗೆ ಬಾಯಿಯೇ ಸಾಧನ.

ಸುಹೈರ್ ಮೈಕಿನೊಂದಿಗೆ ಅಂಗಡಿಯ ಹೊಸಿಲಿಗೆ ಬಂದು ನಿಂತದ್ದು ಆಗಲೇ. ಕಾಫಿಖಾನೆಯಲ್ಲಿ ಹಿಲ್ಮಿ ಇಲ್ಲದ್ದನ್ನು ಕಂಡು, ಗಿರಾಕಿಗಳು ಶಹಾತನ ಹೆಸರು ಹೇಳಿ ಕೈ ತೋರಿಸಿದ ಕಡೆ ಮಾತಾಡುತ್ತಲೇ ಬಂದಿದ್ದಳು. "ಕೇಳುಗರೇ, ಈಗ ನಾವು ಒಂದು ಇಸ್ತ್ರಿ ಅಂಗಡಿಗೆ ಬಂದಿದ್ದೇವೆ. ಉಸ್ತಾ, ಮುಅಲ್ಲಿಂ ಹಿಲ್ಮಿ ಇಲ್ಲಿದ್ದಾರಂತಲ್ಲ?"

ಕಸುಬುದಾರರಿಗೆ ಸಲ್ಲುವ 'ಉಸ್ತಾ' ಎಂಬ ಗೌರವ ಸಿಕ್ಕರೂ ಶಹಾತನ ಬಾಯಲ್ಲಿ ನೀರು. ಪ್ಯಾಂಟಿಗೆಂದು ತುಂಬಿಕೊಂಡದ್ದನ್ನು ನುಂಗಿಬಿಡುವುದು ಅವನ ಪ್ರಕಾರ ಕಸುಬಿಗೆ ಮಾಡುವ ಮೋಸ. ಆದ್ದರಿಂದ ಮೊದಲು ಪ್ಯಾಂಟಿನ ಮೇಲೆ ಭುಸ್ಸೆಂದು ಊದಿದ. ಅರ್ಧ ಮೈಕಿನ ಮೇಲೂ ಬಿತ್ತು. ಆಮೇಲೆ ಹೇಳಿದ: "ಇದ್ದಾರೆ ಮೇಡಂ. ಪ್ಯಾಂಟಿಲ್ಲ."

ಇಡೀ ಪೋರ್ಟ್ ಸೈದ್ ಅದನ್ನು ಕೇಳಿತು. ಬಟ್ಟೆ ಸಾಲಿನ ಹಿಂದಿನಿಂದ ನರಳುವ ಸದ್ದು ಬಂತು. ಸುಹೈರ್ ಒಂದು ಕ್ಷಣ ಬೆಪ್ಪಾಗಿ, ಸುಧಾರಿಸಿಕೊಂಡು, "ಹಾಗಾದ್ರೆ ಪ್ಯಾಂಟ್ ಇರೋರನ್ನೇ ಮಾತಾಡ್ಸೋಣ" ಎಂದು ಮೈಕನ್ನು ಶಹಾತನ ಬಾಯಿಗೆ ಹಿಡಿದಳು. "ಉಸ್ತಾ ಶಹಾತ, ನಿಮಗೆ ಇಷ್ಟವಾದ ಅಡುಗೆ?"

"ಮೀನಿನ ಅನ್ನ."

ಮೇಲಿನಿಂದ ಹಾಜಾ ಇನ್ಶಿರಾಹಳ ಧ್ವನಿ ಇಳಿದುಬಂತು. "ಯಾರ ಕೈದು ಅಂತ ಹೇಳೋ!"

ಒಳಗೆ ಬಟ್ಟೆ ಮಡಿಚುತ್ತಿದ್ದ ನಜಾತಳ ಕೈ ನಿಂತಿತು. ಬೀದಿಯಲ್ಲಿದ್ದ ಗಂಡಸರೆಲ್ಲ ಉಸಿರು ಬಿಗಿಹಿಡಿದರು. ಶಹಾತ ಯೋಚಿಸಿ ಹೇಳಿದ: "ಅನ್ನ ಅಮ್ಮಂದು ಚೆನ್ನಾಗಿರುತ್ತೆ. ಮೀನು ನಜಾತಂದು. ಎರಡೂ ಸೇರಿದ್ದನ್ನ ಇನ್ನೂ ತಿಂದಿಲ್ಲ ಮೇಡಂ, ಅವರಿಬ್ಬರೂ ಒಂದೇ ಒಲೆ ಮುಂದೆ ನಿಲ್ಲಲ್ಲ."

ಗೊಳ್ಳೆಂದು ನಗು. ಸುಹೈರ್ ಉಬ್ಬಿಹೋದಳು. ಚಿಕ್ಕಂದಿನ ತಂಟೆ ಏನಾದರೂ ನೆನಪಿದೆಯಾ ಎಂದಳು. ಅದು ಶಹಾತನಿಗೆ ತಟ್ಟನೆ ನೆನಪಾಯಿತು. ಯುದ್ಧಕಾಲದಲ್ಲಿ ಊರನ್ನೇ ಖಾಲಿ ಮಾಡಿಸಿ ಜನರನ್ನೆಲ್ಲ ಒಳನಾಡಿಗೆ ಸಾಗಿಸಿದಾಗ ಅವನು ಇನ್ನೂ ಪುಟ್ಟ ಹುಡುಗ. ಶರ್ಕಿಯಾದ ಒಂದು ಹಳ್ಳಿ ಪಾಲಿಗೆ ಬಂದಿತ್ತು, ರೊಟ್ಟಿಯ ಹಾಗೆ ಮಟ್ಟಸವಾದ ಊರು. ಅಲ್ಲಿ ಸಮುದ್ರ ಇಲ್ಲವೆಂದು ಅತ್ತೂ ಅತ್ತೂ ಸಾಕಾಗಿ, ಮನೆಯಲ್ಲಿದ್ದ ಉಪ್ಪನ್ನೆಲ್ಲ ಒಯ್ದು ಹಳ್ಳಿಯ ಹೊಂಡಕ್ಕೆ ಸುರಿದಿದ್ದ. "ಸಮುದ್ರ ಆಗಲಿಲ್ಲ. ಆದರೆ ಉಪ್ಪು ಸುರಿದ ದಡದ ಮಣ್ಣು ನೆಕ್ಕೋಕೆ ಎಮ್ಮೆಗಳೆಲ್ಲ ಬಂದು ನಿಂತ್ಕೊಂಡ್ವು. ಹೊಡೆದ್ರೂ ಕದಲಲಿಲ್ಲ. ಹಾಗಾಗಿ ನನಗೆ ಹೊಡೆದ್ರು."

ಬಟ್ಟೆಗಳ ಹಿಂದಿನಿಂದ ಹಿಲ್ಮಿ ಪಿಸುಗುಟ್ಟಿದ: "ನನಗೂ ಒಂದು ನೆನಪಿದೆ ಮೇಡಂ, ಸೈನಿಕರಿಗೆ ನೀರು ಕೊಟ್ಟದ್ದು..." ಯಾರೂ ಕೇಳಿಸಿಕೊಳ್ಳಲಿಲ್ಲ.

"ಕೊನೇ ಪ್ರಶ್ನೆ ಉಸ್ತಾ, ಎಲ್ಲರಿಗೂ ಕೇಳೋದೇ. ಸಮುದ್ರಾನೋ ಬೆಟ್ಟಾನೋ?"

ಆ ಪ್ರಶ್ನೆಗೆ ಪೋರ್ಟ್ ಸೈದಿನಲ್ಲಿ ಅದುವರೆಗೆ ಯಾರೂ ಒಂದು ಕ್ಷಣವೂ ತಡವರಿಸಿರಲಿಲ್ಲ. ಸಮುದ್ರ ಅನ್ನುತ್ತಿದ್ದರು, ನಗುತ್ತಿದ್ದರು, ರೇಡಿಯೊದವರು ಹಾಡು ಹಾಕುತ್ತಿದ್ದರು. ಶಹಾತ ಸುಮ್ಮನಾದ. ಮನೆಮನೆಯ ರೇಡಿಯೊಗಳಲ್ಲಿ ಮೌನ. ಕೆಟ್ಟಿತೆಂದು ತಿಳಿದು ಕೆಲವರು ರೇಡಿಯೊದ ಬೆನ್ನಿಗೆ ಗುದ್ದಿದರು.

"ಉಸ್ತಾ?"

"ಬೆಟ್ಟ ನೋಡಿಲ್ಲ ಮೇಡಂ."

"ಹಾಗಾದ್ರೆ ಸಮುದ್ರ!"

"ಅದು ಹೇಗೆ? ಒಬ್ಬನ್ನ ನೋಡ್ದೇನೇ ಇನ್ನೊಬ್ಬ ವಾಸಿ ಅಂತ ಹೇಳೋದಾ? ಬೆಟ್ಟಕ್ಕೆ ಅನ್ಯಾಯ ಆಗಲ್ವಾ?"

"ಅಯ್ಯೋ, ಸುಮ್ನೆ ಏನೋ ಒಂದು ಹೇಳಿ ಉಸ್ತಾ, ಇದು ತಮಾಷೆ ಪ್ರಶ್ನೆ!"

"ನೀವು ಕೇಳ್ತಿದ್ದೀರಲ್ಲ," ಎಂದ ಶಹಾತ ತಗ್ಗಿದ ಧ್ವನಿಯಲ್ಲಿ. "ಕೇಳಿದ ಮೇಲೆ ಸರಿಯಾಗಿ ಹೇಳ್ಬೇಕು."

ಹೊತ್ತು ಮೀರಿತ್ತು. ಸುಹೈರ್ ಬೇರೆ ದಾರಿ ಕಾಣದೆ, "ಕೇಳುಗರೇ, ಉಸ್ತಾ ಶಹಾತರ ಉತ್ತರಕ್ಕಾಗಿ ಕಾಯುತ್ತಿರಿ" ಎಂದು ಹೇಳಿ ಮುಗಿಸಿದಳು. ಬಾಯಿ ತಪ್ಪಿ ಬಂದ ಮಾತು. ಊರು ನಿಜವಾಗಿಯೂ ಕಾಯತೊಡಗಿತು.

ಆ ಸಂಜೆ ಶಹಾತ ಊಟಕ್ಕೆ ಕೂತು ರೊಟ್ಟಿ ಮುರಿಯದೆ ಯೋಚಿಸುತ್ತಿದ್ದ. ನಜಾತ್ ಅವನ ಮುಖ ನೋಡಿ, "ವಹೀದನ ಅಪ್ಪಾ, ಏನಾಯ್ತು?" ಎಂದಳು. ವಹೀದ ಅವರ ಒಬ್ಬನೇ ಮಗ, ಆಗ ಕಡ್ಡಾಯ ಸೈನ್ಯಸೇವೆಯಲ್ಲಿದ್ದ.

"ನಜಾತ್, ನನ್ನನ್ನ ಜನ ಇಷ್ಟು ವರ್ಷ ಕೇಳಿದ್ದು ಒಂದೇ ಪ್ರಶ್ನೆ. ಯಾವಾಗ ಆಗುತ್ತೆ? ಯಾವಾಗ ಕೊಡ್ತೀಯ? ನಿನಗೇನಿಷ್ಟ ಅಂತ ಯಾರೂ ಕೇಳಿರಲಿಲ್ಲ. ಇವತ್ತು ಕೇಳಿದ್ರು, ನನಗೆ ಗೊತ್ತಿಲ್ಲ."

ನಜಾತ್ ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. ಹಾಕಿ, "ಅನ್ನ ಅಮ್ಮಂದು ಚೆನ್ನಾಗಿರುತ್ತೆ, ಅಲ್ವಾ?" ಎಂದು ಮೀನಿನ ಬಾಲವನ್ನು ವಾಪಸು ತೆಗೆದುಕೊಂಡಳು.

ಮರುದಿನದಿಂದ ಮೊಹಲ್ಲಾ ಇಬ್ಭಾಗವಾಯಿತು. ಮೀನು ಪೇಟೆಯವರಿಗೆ ಕೋಪ ಬಂದಿತ್ತು. ಸಮುದ್ರದ ಮಗನಾಗಿ ಹುಟ್ಟಿ, ಸಮುದ್ರವೋ ಅಲ್ಲವೋ ಎಂದು ಯೋಚಿಸಬೇಕಂತೆ! ಇನ್ನು ಮುಂದೆ ಅವನಲ್ಲಿ ಇಸ್ತ್ರಿಗೆ ಬಟ್ಟೆ ಕೊಡುವುದಿಲ್ಲವೆಂದು ಬೆಸ್ತರು ಸಭೆ ಸೇರಿ ತೀರ್ಮಾನಿಸಿದರು. ಅವರು ಹಿಂದೆಯೂ ಕೊಟ್ಟವರಲ್ಲ. ಅತ್ತ ದಕ್ಷಿಣದ ಬೆಟ್ಟದ ಸೀಮೆಯಿಂದ ಬಂದು ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಜನ, ಕೊನೆಗೂ ಒಬ್ಬ ನ್ಯಾಯವಂತ ಸಿಕ್ಕಿದನೆಂದು ಹಿಗ್ಗಿ, ಚೆನ್ನಾಗಿದ್ದ ಜುಬ್ಬಾಗಳನ್ನೂ ಮುದುರಿ ಮುದ್ದೆ ಮಾಡಿ ತಂದುಕೊಟ್ಟು ಇಸ್ತ್ರಿ ಮಾಡಿಸಿದರು. ಯಾರೋ ಹಿಮದ ಬೆಟ್ಟದ ಚಿತ್ರವಿದ್ದ ಹಳೆಯ ಕ್ಯಾಲೆಂಡರ್ ತಂದು ಗೋಡೆಗೆ ತೂಗುಹಾಕಿದರು. ಶಹಾತ ಹತ್ತಿರ ಹೋಗಿ ಬೆರಳಲ್ಲಿ ಮುಟ್ಟಿ, "ಕಾಗದ" ಎಂದ.

ಎಲ್ಲರಿಗಿಂತ ಕಷ್ಟ ಹಿಲ್ಮಿಗೆ. ಮಕ್ಕಳು ಅವನನ್ನು ಕಂಡೊಡನೆ "ಇದ್ದಾರೆ ಮೇಡಂ!" ಎಂದು ಕೂಗಿ ಓಡುತ್ತಿದ್ದರು. ಈ ಕತೆಗೊಂದು ಕೊನೆ ಕಾಣಿಸದಿದ್ದರೆ ತನ್ನ ಪ್ಯಾಂಟಿನ ವಿಚಾರ ಊರು ಮರೆಯುವುದಿಲ್ಲವೆಂದು ಅವನಿಗೆ ಅರ್ಥವಾಯಿತು. ಒಂದು ದಿನ ಶಹಾತನನ್ನು ಕೈಹಿಡಿದು ಎಳೆದುಕೊಂಡು ದೋಣಿ ಹತ್ತಿಸಿ, ಕಾಲುವೆಯಾಚೆ ಪೋರ್ಟ್ ಫುಆದಿಗೆ ಕರೆದೊಯ್ದ. ಅಲ್ಲಿ ಉಪ್ಪಿನ ಕಾರ್ಖಾನೆಯವರು ಉಪ್ಪನ್ನು ಬೆಳ್ಳಗೆ ಗುಡ್ಡೆ ಗುಡ್ಡೆಯಾಗಿ ಪೇರಿಸಿರುತ್ತಾರೆ. ಮನೆಗಳಿಗಿಂತ ಎತ್ತರ.

"ನೋಡು, ಹತ್ತು, ಇಳಿ. ಬೆಟ್ಟ ಆಯ್ತಾ? ಈಗ ಸಮುದ್ರ ಅನ್ನು."

ಶಹಾತ ಹತ್ತಿದ. ತುದಿಯಲ್ಲಿ ಕೂತು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡ. "ಹಿಲ್ಮಿ, ಇದು ಸಮುದ್ರಾನೇ. ಒಣಗಿದೆ ಅಷ್ಟೆ."

ಹಿಲ್ಮಿ ಉಪ್ಪಿನ ಮೇಲೆ ಕುಸಿದು ಕೂತ. ಅಲ್ಲಿ ಕೂತೇ ನಿರ್ಧಾರ ಮಾಡಿದ: ಕಾಲುವೆಯ ಆ ತುದಿಯಲ್ಲಿರುವ ಸೂಯೆಜ್ ಊರಿಗೆ ಹೋಗಬೇಕು, ಅಲ್ಲಿನ ಅತಾಕಾ ಬೆಟ್ಟ ತೋರಿಸಿಯೇ ಬಿಡಬೇಕು.

ಮುಂದಿನ ಶುಕ್ರವಾರ ಬಾಡಿಗೆ ವ್ಯಾನು ಬೀದಿಗೆ ಬಂತು. ಹಿಲ್ಮಿ ಅದೇ ಬೂದು ಸೂಟಿನಲ್ಲಿದ್ದ. ಸುಹೈರ್ ಟೇಪ್ ರೆಕಾರ್ಡರ್ ತಂದಿದ್ದಳು. ಕೇಳುಗರ ಕಾಗದಗಳು ಬಂದು ಬಂದು ಅವಳ ಮೇಲಧಿಕಾರಿಗೆ ಸಾಕಾಗಿ, ಆ ಮನುಷ್ಯನಿಂದ ಒಂದು ಉತ್ತರ ತೆಗೆಸದೆ ಆಫೀಸಿಗೆ ಬರಬೇಡ ಎಂದಿದ್ದನಂತೆ. ನಜಾತ್ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿ ಪಾತ್ರೆ ತುಂಬಿಸಿಕೊಂಡಿದ್ದಳು. ಕರೆಯದೇ ಇದ್ದರೂ ಹಾಜಾ ಇನ್ಶಿರಾಹ್ ಎಲ್ಲರಿಗಿಂತ ಮೊದಲು ಮುಂದಿನ ಸೀಟಿನಲ್ಲಿ ಕೂತಿದ್ದಳು.

"ನೀವ್ಯಾಕೆ ಹಾಜಾ, ಅಷ್ಟು ದೂರ? ಸೊಂಟ ಹಿಡ್ಕೊಳ್ಳುತ್ತೆ," ಎಂದ ಹಿಲ್ಮಿ.

"ಬೆಟ್ಟ ನೋಡಿರೋಳು ಇಲ್ಲಿ ನಾನೊಬ್ಬಳೇ. ನೀವು ಯಾವುದೋ ದಿಣ್ಣೆ ತೋರಿಸಿ ನನ್ನ ಮಗನಿಗೆ ಟೋಪಿ ಹಾಕಿದ್ರೆ?"

ದಾರಿಯುದ್ದಕ್ಕೂ ಎಡಗಡೆ ಮರಳು, ಮರಳಿನ ಮೇಲೆ ಹಡಗುಗಳ ತಲೆಗಳು ಮೆಲ್ಲಗೆ ನಡೆಯುತ್ತಿದ್ದವು. ಕಾಲುವೆಯ ನೀರು ಕಾಣದು, ಹಡಗು ಮಾತ್ರ ಕಾಣುವುದು. ಇಸ್ಮಾಯಿಲಿಯಾ ದಾಟಿದ ಮೇಲೆ ತಪಾಸಣೆಯ ಕಟ್ಟೆಯಲ್ಲಿ ಒಬ್ಬ ಅಧಿಕಾರಿ ವ್ಯಾನು ನಿಲ್ಲಿಸಿದ. ತೆಳ್ಳನೆಯ ಯುವಕ, ಬಿಸಿಲಿಗೆ ಕಂದಿದ ಮುಖ.

"ಎಲ್ಲಿಗೆ?"

"ಬೆಟ್ಟ ನೋಡೋಕೆ," ಎಂದ ಹಿಲ್ಮಿ.

"ಯಾಕೆ?"

ಹಿಲ್ಮಿ ಏನಾದರೂ ಸಭ್ಯವಾದ ಸುಳ್ಳು ಹೇಳುವಷ್ಟರಲ್ಲಿ ಶಹಾತ ಕಿಟಕಿಯಿಂದ ತಲೆ ಹಾಕಿ, "ಅದು ನನಗೆ ಇಷ್ಟವಾ ಅಂತ ಗೊತ್ತು ಮಾಡ್ಕೋಬೇಕು ಸಾಹೇಬ್ರೆ" ಎಂದ.

ಅಧಿಕಾರಿ ಎಲ್ಲರನ್ನೂ ಕೆಳಗಿಳಿಸಿದ. ಟೇಪ್ ರೆಕಾರ್ಡರ್ ಬಿಚ್ಚಿಸಿ ನೋಡಿದ. ಎಲೆಸುರುಳಿಯ ಪಾತ್ರೆಯ ಮುಚ್ಚಳ ತೆಗೆಸಿದ. ಸುಹೈರ್ ಕಾರ್ಯಕ್ರಮದ ವಿಚಾರ ವಿವರಿಸಿದಳು. ಸಮುದ್ರವೋ ಬೆಟ್ಟವೋ ಎಂಬ ಪ್ರಶ್ನೆ ಕೇಳಿದ ಮೇಲೆ ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡ.

"ನಮ್ಮೂರು ಸೋಹಾಗ್. ಮನೆ ಹಿಂದೇನೇ ಬೆಟ್ಟ. ಚಿಕ್ಕೋನಾಗಿದ್ದಾಗ ದಿನಾ ಬಯ್ಕೊಳ್ತಿದ್ದೆ, ಗಾಳೀನೇ ಬರಲ್ಲ ಅಂತ. ಈಗ ಇಲ್ಲಿ ಬರೀ ಗಾಳಿ." ಟೋಪಿ ಮತ್ತೆ ಹಾಕಿಕೊಂಡು, "ಬೆಟ್ಟ ಅಂತ ಬರ್ಕೊಳ್ಳಿ" ಎಂದ. ಆಮೇಲೆ ಪಹರೆಯ ಸಿಪಾಯಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದ. ಅಲೆಕ್ಸಾಂಡ್ರಿಯಾದವನೊಬ್ಬ ಸಮುದ್ರ ಎಂದದ್ದಕ್ಕೆ ಅವನನ್ನು ಗೇಟಿನ ಬಳಿ ಬಿಸಿಲಲ್ಲಿ ನಿಲ್ಲಿಸಿದ. ನಮ್ಮವರ ಹಿಂದೆ ಲಾರಿಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ ಬೆಳೆದು ಹಾರನ್ನು ಹೊಡೆಯುತ್ತಿತ್ತು. ಹೊರಡುವಾಗ ಅಧಿಕಾರಿ ಶಹಾತನ ಕೈ ಕುಲುಕಿ, "ಆತುರ ಮಾಡ್ಬೇಡ ಚಿಕ್ಕಪ್ಪ, ಚೆನ್ನಾಗಿ ನೋಡಿ ಹೇಳು" ಎಂದ. ಹಿಲ್ಮಿ ಹಲ್ಲು ಕಡಿದ.

ಸೂಯೆಜ್ ಮುಟ್ಟಿದಾಗ ಧೂಳಿನ ಗಾಳಿ ಎದ್ದಿತ್ತು. ಆಕಾಶವೆಲ್ಲ ಬೇಳೆಸಾರಿನ ಬಣ್ಣ. ರಸ್ತೆ ಬದಿಯ ಚಹಾದಂಗಡಿಯ ಮುಂದೆ ವ್ಯಾನು ನಿಲ್ಲಿಸಿ ಎಲ್ಲರೂ ಇಳಿದರು. ಬೆಟ್ಟ ಎಲ್ಲೂ ಇರಲಿಲ್ಲ.

"ಎಲ್ಲಿ ಬೆಟ್ಟ?" ಎಂದು ಹಿಲ್ಮಿ ಅಂಗಡಿಯವನನ್ನು ಕೇಳಿದ. ಅಂಗಡಿಯವನು ಸಲಾಮಾ ಎಂಬ ದಪ್ಪ ಮೀಸೆಯ ಮುದುಕ.

"ನನ್ನ ಬೆನ್ನ ಹಿಂದೆ."

"ಕಾಣ್ತಿಲ್ಲ."

"ಇದೆ. ನಾನು ಹುಟ್ಟಿದಾಗಿಂದ ಅಲ್ಲೇ ಇದೆ."

ಹಿಲ್ಮಿ ಶಹಾತನತ್ತ ತಿರುಗಿದ. "ಕೇಳಿದ್ಯಲ್ಲ? ಅಲ್ಲೇ ಇದೆಯಂತೆ. ಊರಿನ ಹಿರಿಯರ ಮಾತು. ಈಗ ಹೇಳಿಬಿಡು, ಹೊರಡೋಣ."

"ಅವರು ಒಳ್ಳೆಯವರು, ಸುಳ್ಳು ಹೇಳ್ತಾರೆ ಅಂತಲ್ಲ," ಎಂದ ಶಹಾತ. "ಆದ್ರೆ ಅವರು ನೋಡಿರೋದು. ನಾನಲ್ಲ."

ಕಾದರು. ಚಹಾ ಕುಡಿದರು, ಎಲೆಸುರುಳಿ ತಿಂದರು, ಸಲಾಮಾನಿಗೂ ಕೊಟ್ಟರು. ಧೂಳು ಹಿಲ್ಮಿಯ ಸೂಟನ್ನು ಬೂದಿನಿಂದ ಕಂದು ಮಾಡಿತು. ಬೆಟ್ಟ ಹೇಗಿರುತ್ತದೆಂದು ಹಾಜಾ ಇನ್ಶಿರಾಹ್ ಎಲ್ಲರಿಗೂ ವಿವರಿಸುತ್ತಿದ್ದಳು. ದುಂಡಗೆ ಇರುತ್ತದೆ, ಹಸಿರಾಗಿರುತ್ತದೆ, ಮೇಲೊಂದು ಗುಮ್ಮಟ ಇರುತ್ತದೆ. ಅವಳು ಹೇಳುತ್ತಿದ್ದದ್ದು, ತಾನು ಅವಳ ಬಾಯಿಂದಲೇ ಎಷ್ಟೋ ಸಲ ಕೇಳಿದ್ದ, ಶರ್ಕಿಯಾದ ಹಳ್ಳಿಯಲ್ಲಿದ್ದ ಸಂತನ ಗೋರಿ ಎಂದು ನಜಾತಳಿಗೆ ಹೊಳೆಯಿತು. ಅತ್ತೆಯ ಮಾನ ಕಳೆಯುವ ಅವಕಾಶ ವರ್ಷಕ್ಕೊಮ್ಮೆಯೂ ಸಿಗುವುದಿಲ್ಲ. ಆದರೂ ಅದೇಕೋ ಅವಳು ಸುಮ್ಮನೆ ಅತ್ತೆಯ ಗ್ಲಾಸಿಗೆ ಸಕ್ಕರೆ ಹಾಕಿದಳು.

ಮಧ್ಯಾಹ್ನದ ಪ್ರಾರ್ಥನೆಯ ಹೊತ್ತು ಮುಗಿದ ಮೇಲೆ ಗಾಳಿ ಬಿತ್ತು. ಧೂಳು ಇಳಿಯಿತು. ಸಲಾಮಾನ ಅಂಗಡಿಯ ತಗಡಿನ ಸೂರಿನ ಮೇಲೆ ಮೊದಲು ಒಂದು ಗೆರೆ ಕಂಡಿತು. ಆಮೇಲೆ ಆ ಗೆರೆ ಕೆಳಗೆ ತುಂಬಿಕೊಳ್ಳುತ್ತಾ ಬಂದು, ಬಂಡೆ, ಕೊರಕಲು, ನೆರಳು ಎಲ್ಲ ಒಂದೊಂದಾಗಿ ಹೊರಬಿದ್ದು, ಕೊನೆಗೆ ಅರ್ಧ ಆಕಾಶ ಮುಚ್ಚಿಕೊಂಡು ಅತಾಕಾ ಬೆಟ್ಟ ನಿಂತಿತ್ತು. ಅಷ್ಟು ಹೊತ್ತೂ ಅವರು ಅದರ ಬುಡದಲ್ಲೇ ಕೂತು ಚಹಾ ಕುಡಿದಿದ್ದರು.

 ಹಾಜಾ ಇನ್ಶಿರಾಹ್ ತಲೆ ಮೇಲೆತ್ತಿ, ಇನ್ನೂ ಮೇಲೆತ್ತಿ, ಕೊನೆಗೆ "ಇದೇನಾ?" ಎಂದಳು. "ನಾನು ಇನ್ನೂ ದೊಡ್ಡದಿರುತ್ತೆ ಅಂದ್ಕೊಂಡಿದ್ದೆ."

ಶಹಾತ ಚಪ್ಪಲಿ ಬಿಟ್ಟು ನಡೆಯತೊಡಗಿದ. ಕಲ್ಲಿನ ಹತ್ತಿರ ಹೋಗಿ, ಬಟ್ಟೆಯ ನೇಯ್ಗೆ ನೋಡುವಂತೆ ಅಂಗೈಯಿಂದ ಸವರಿದ. ಮೂಸಿದ. ಸ್ವಲ್ಪ ಮೇಲಕ್ಕೆ ಹತ್ತಿ, ಒಂದು ಚಪ್ಪಟೆ ಕಲ್ಲಿನ ಮೇಲೆ ಬೆಟ್ಟಕ್ಕೆ ಮುಖ ಮಾಡಿ ಕೂತ. ನಜಾತ್ ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ಕೂತಳು. ತುಂಬಾ ಹೊತ್ತಾದ ಮೇಲೆ ಅವನು ಹೇಳಿದ:

"ಇದು ಪೂರ್ತಿ ಸುಕ್ಕು, ನೋಡಿದ್ಯಾ."

"ಹೂಂ. ಯಾರೂ ನೋಡ್ಕೊಂಡಿಲ್ಲ."

"ಆದ್ರೆ ಹಾಗೇ ಇದೆ ನೋಡು. ನಮ್ಮ ಸಮುದ್ರ ಒಂದು ನಿಮಿಷ ಸುಮ್ನಿರಲ್ಲ. ಇಸ್ತ್ರಿ ಹಾಕಿದ ಹಾಗೆ ಆಗುತ್ತೆ, ಇನ್ನೇನು ಆಯ್ತು ಅನ್ನೋಷ್ಟರಲ್ಲಿ ಮತ್ತೆ ಮುದುರಿಕೊಳ್ಳುತ್ತೆ. ನೋಡಿದ್ರೇ ಕೈ ನೋಯುತ್ತೆ. ಇದಕ್ಕೆ ನನ್ನಿಂದ ಏನೂ ಆಗ್ಬೇಕಾಗಿಲ್ಲ."

ನಜಾತ್ ಗಂಡನನ್ನು ಓರೆಯಾಗಿ ನೋಡಿದಳು. ತನಗೇನಿಷ್ಟ ಎಂಬುದರ ಬಗ್ಗೆ ಇಷ್ಟುದ್ದದ ಮಾತು ಅವನು ಮದುವೆಯಾದಂದಿನಿಂದ ಆಡಿರಲಿಲ್ಲ.

ಅಷ್ಟರಲ್ಲಿ ಸುಹೈರ್ ಎತ್ತರದ ಹಿಮ್ಮಡಿಯ ಬೂಟು ಕೈಯಲ್ಲಿ ಹಿಡಿದು ಏರಿಬಂದಳು. ಹಿಂದೆ ಹಿಲ್ಮಿ, ನಾಲ್ಕು ಕಾಲಲ್ಲಿ. ಅವಳು ಟೇಪು ಒತ್ತಿ, ಉಸಿರು ಎಳೆದುಕೊಂಡು ಹೇಳಿದಳು: "ಕೇಳುಗರೇ, ನೀವು ಕಾಯುತ್ತಿದ್ದ ಗಳಿಗೆ ಬಂತು. ಉಸ್ತಾ ಶಹಾತ ಬೆಟ್ಟ ನೋಡಿಯಾಯ್ತು. ಉಸ್ತಾ, ಸಮುದ್ರಾನೋ ಬೆಟ್ಟಾನೋ?"

ಶಹಾತ ಉತ್ತರ ಕೊಡಲು ಎದ್ದು ಅವಳತ್ತ ತಿರುಗಿದ. ತಿರುಗಿದವನ ಬಾಯಿ ತೆರೆದೇ ಉಳಿಯಿತು. ಕೆಳಗೆ, ದೂರದವರೆಗೆ, ಸೂಯೆಜ್ ಕೊಲ್ಲಿ ಹರಡಿಕೊಂಡಿತ್ತು. ಕಾಲುವೆಗೆ ಸರದಿ ಕಾಯುತ್ತಿದ್ದ ಹಡಗುಗಳು ಗುಂಡಿಗಳಂತೆ ಅಲ್ಲಲ್ಲಿ ಹೊಲಿದುಕೊಂಡಿದ್ದವು. ನೀರಿನ ಮೇಲೆ ಒಂದು ಮಡಿಕೆಯೂ ಇರಲಿಲ್ಲ.

"ಅದೇನು?" ಎಂದ.

"ಸಮುದ್ರ ಉಸ್ತಾ!"

"ಹೀಗಿರುತ್ತಾ? ನಾನು ಸಮುದ್ರಾನ ಬರೀ ದಡದಿಂದ ನೋಡಿರೋದು ಮೇಡಂ. ಮೇಲಿಂದ ನೋಡೇ ಇರಲಿಲ್ಲ. ಇಲ್ಲಿವರೆಗೆ ನಾನು ಅಂದ್ಕೊಂಡಿದ್ದೆಲ್ಲ ಬರೀ ಅಂಚಿನ ವಿಚಾರ ಆಗೋಯ್ತು." ಅವನ ಮುಖದಲ್ಲಿ ನಿಜವಾದ ಪಶ್ಚಾತ್ತಾಪವಿತ್ತು. "ಮತ್ತೆ ಮೊದಲಿಂದ ಯೋಚನೆ ಮಾಡ್ಬೇಕು."

ಸುಹೈರ್ ಆ ಚಪ್ಪಟೆ ಕಲ್ಲಿನ ಮೇಲೆ ಕೂತುಬಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನಜಾತಳಿಗೆ ತಿಳಿಯಲಿಲ್ಲ. ಎರಡಕ್ಕೂ ಆಗುತ್ತದೆಂದು ಬೆನ್ನು ಸವರಿದಳು. ಮೈಕು ಅವಳ ಕೈಯಿಂದ ಜಾರುವುದನ್ನೇ ಕಾಯುತ್ತಿದ್ದ ಹಿಲ್ಮಿ ಅದನ್ನು ಎತ್ತಿಕೊಂಡು, ಟೈ ಸರಿಮಾಡಿಕೊಂಡು, ಗಡ್ಡ ನೀವಿಕೊಂಡು ಶುರುಮಾಡಿದ. ತನ್ನ ಮೆಚ್ಚಿನ ಬಣ್ಣ, ಮೆಚ್ಚಿನ ಹಣ್ಣು, ಸೈನಿಕರಿಗೆ ನೀರು ಕೊಟ್ಟದ್ದು, ಮೊದಲ ಪ್ರೇಮ, ಎರಡನೆಯ ಪ್ರೇಮ. ಯಾರೂ ಕೇಳದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ. ಕೊನೆಗೆ ಬೆಟ್ಟದ ಮೇಲೆ ನಿಂತು ಕೈ ಚಾಚಿ "ಸಮುದ್ರ! ಸಮುದ್ರ!" ಎಂದು ಕೂಗಿದ. ಟೇಪು ಅಲ್ಲಿಗೆ ಮುಗಿಯಿತು.

ಗುರುವಾರ ಅದೇ ಪ್ರಸಾರವಾಯಿತು. ಊರಿಗೆ ಹಿಲ್ಮಿಯ ಉತ್ತರಗಳು ಬಹಳ ಹಿಡಿಸಿದವು. ಮೀನು ಪೇಟೆಯವರು ಅವನಿಗೆ ಒಂದು ಬುಟ್ಟಿ ಸಿಗಡಿ ಕಳಿಸಿದರು. ಮಕ್ಕಳು "ಇದ್ದಾರೆ ಮೇಡಂ" ಬಿಟ್ಟು "ಸಮುದ್ರ, ಸಮುದ್ರ" ಎಂದು ಕೂಗತೊಡಗಿದರು, ಅದನ್ನು ಅವನು ಗೌರವವೆಂದೇ ತಿಳಿದ. ಸುಹೈರಳನ್ನು ಆ ಕಾರ್ಯಕ್ರಮದಿಂದ ತೆಗೆದು ಹವಾಮಾನದ ವರದಿ ಓದಲು ಹಾಕಿದರು. ಅಲ್ಲಿ ಯಾರೂ ಎದುರು ಮಾತಾಡುವುದಿಲ್ಲವೆಂದು ಅವಳಿಗೆ ಸಮಾಧಾನವೇ ಆಯಿತಂತೆ.

ಶಹಾತ ಮತ್ತೆ ಇಸ್ತ್ರಿಗೆ ನಿಂತ. ಆದರೆ ಒಂದು ವ್ಯತ್ಯಾಸ ಕಂಡಿತು. ಬಟ್ಟೆ ತಂದವರನ್ನು ಈಗ ಅವನೇ ಕೇಳುತ್ತಿದ್ದ. "ನಿಮಗೆ ಅಂಜೂರ ಇಷ್ಟಾನೋ ದಾಳಿಂಬೆನೋ?" "ಬೆಳಿಗ್ಗೆನೋ ಸಂಜೆನೋ?" ಕೇಳಿ, ಪೆಟ್ಟಿಗೆ ಪಕ್ಕಕ್ಕಿಟ್ಟು ಉತ್ತರಕ್ಕೆ ಕಾಯುತ್ತಿದ್ದ. ಏನೋ ಒಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದರೆ, "ಆತುರ ಇಲ್ಲ, ಯೋಚನೆ ಮಾಡಿ" ಎನ್ನುತ್ತಿದ್ದ. ಬಟ್ಟೆ ಸಿಗುವುದು ತಡವಾಗುತ್ತದೆಂದು ಎಲ್ಲರೂ ಗೊಣಗುತ್ತಿದ್ದರು. ಆದರೂ ಒಂದೊಂದು ಸಲ ಸುಕ್ಕೇ ಇಲ್ಲದ ಅಂಗಿ ಹಿಡಿದು ಬಂದು, 'ಮೊನ್ನೆ ಕೇಳಿದ್ಯಲ್ಲ, ಅದು ಅಂಜೂರ ಕಣಯ್ಯಾ' ಎಂದು ಹೇಳಿ ಹೋಗುತ್ತಿದ್ದರು.

ವರ್ಷ ಕಳೆದ ಮೇಲೆ ಒಂದು ದಿನ ಸುಹೈರ್ ಕೋಟೊಂದನ್ನು ಇಸ್ತ್ರಿಗೆ ತಂದಳು. ಮೈಕಿರಲಿಲ್ಲ, ಟೇಪಿರಲಿಲ್ಲ. ಕೋಟು ಕೈಗೆ ಕೊಡುವ ಮೊದಲೇ ಶಹಾತ ಹೇಳಿದ: "ಮೇಡಂ, ಬೆಟ್ಟ."

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕೋಟು ನೆಲಕ್ಕೆ ಬಿತ್ತು. "ಸಮುದ್ರ ಅಲ್ವಾ? ಅಷ್ಟೊತ್ತು ಮೇಲಿಂದ ನೋಡಿದ್ರಲ್ಲ?"

"ಸಮುದ್ರ ನನಗಿಷ್ಟಾನಾ ಅಂದ್ರೆ ನನ್ನ ಮೂಗು ನನಗಿಷ್ಟಾನಾ ಅಂತ ಕೇಳಿದ ಹಾಗೆ ಮೇಡಂ. ಇದ್ದೇ ಇದೆ. ಬೆಟ್ಟಕ್ಕಾದ್ರೆ ನಾನು ಹೋಗಿ ಬರ್ಬೇಕಾಯ್ತು."

ಸುಹೈರ್ ಬೀದಿಗೆ ಓಡಿ ಕಾಫಿಖಾನೆಯತ್ತ ಕೂಗಿದಳು: "ಮುಅಲ್ಲಿಂ! ಬೆಟ್ಟ ಅಂತೆ! ಉಸ್ತಾ ಬೆಟ್ಟ ಅಂದ್ರು!"

ಹಿಲ್ಮಿ ಹುಕ್ಕಾದ ಕೆಂಡ ಕೆದಕುವುದನ್ನು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡ. "ಏನೂ ಕೇಳಿಸ್ತಿಲ್ಲ ಮೇಡಂ! ಇಲ್ಲಿ ಗದ್ದಲ!" ಕಾಫಿಖಾನೆಯಲ್ಲಿ ಆಗ ಒಬ್ಬನೇ ಗಿರಾಕಿ ಇದ್ದ, ಅವನೂ ನಿದ್ದೆ ಹೋಗಿದ್ದ.

ಈಗ ಪ್ರತಿ ವಸಂತದ ಹಬ್ಬಕ್ಕೆ, ಊರೆಲ್ಲ ಉಪ್ಪುಮೀನು ಈರುಳ್ಳಿ ಕಟ್ಟಿಕೊಂಡು ಸಮುದ್ರದ ದಡಕ್ಕೆ ಹೋಗುವ ದಿನ, ಶಹಾತನ ಮನೆಯವರು ವ್ಯಾನು ಮಾಡಿಕೊಂಡು ಅತಾಕಾಕ್ಕೆ ಹೋಗುತ್ತಾರೆ. ಹಿಲ್ಮಿಯೂ ಜೊತೆಗಿರುತ್ತಾನೆ, ಬರೀ ಗಾಳಿ ಸೇವನೆಗೆಂದು. ಸಲಾಮಾ ದೂರದಿಂದಲೇ ವ್ಯಾನು ಕಂಡು ಚಹಾಕ್ಕೆ ನೀರಿಡುತ್ತಾನೆ. ಹಾಜಾ ಇನ್ಶಿರಾಹ್ ವ್ಯಾನಿನಿಂದ ಇಳಿದವಳೇ ಸೊಂಟಕ್ಕೆ ಕೈಕೊಟ್ಟು ತಲೆ ಎತ್ತಿ ನೋಡಿ, ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ.

"ಹೋದ ವರ್ಷಕ್ಕಿಂತ ಚಿಕ್ಕದಾಗಿದೆಯಲ್ಲೋ! ಇಲ್ಲೇ ಕೂತಿರ್ತೀಯ, ಸ್ವಲ್ಪ ಗಮನ ಕೊಡೋಕೆ ಆಗಲ್ವಾ?"

"ತಪ್ಪಾಯ್ತು ಹಾಜಾ," ಎನ್ನುತ್ತಾನೆ ಸಲಾಮಾ. "ಈ ವರ್ಷ ನೋಡ್ಕೊಳ್ತೀನಿ."